ಹತ್ತಿ, ಇಳಿದು, ಕೇಳಿ...

ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ದಾರಿ ಕೇಳಿದರೆ ಉತ್ತರ ಒಂದೇ ಉಸಿರಿನಲ್ಲಿ ಬರುತ್ತದೆ: ‘ಭದ್ರಾವತಿ ಬಸ್ ಹತ್ತಿ, ಊರೊಳಗೆ ಇಳಿದು, ಹೊಳೆ ಕಡೆ ನಡೆದು, ಹಳೇನಗರ ಎಲ್ಲಿ ಅಂತ ಕೇಳಿ...’ ಹೊಸಬರು ತಬ್ಬಿಬ್ಬಾಗುವುದು ಇಲ್ಲೇ. ‘ಕೇಳಿ’ ಎಂದಲ್ಲಿಗೆ ಮಾತು ಮುಗಿಯಿತೇ, ಇನ್ನೂ ಇದೆಯೇ? ಹೋಗಿ, ಕೇಳಿ, ತಿರುಗಿ - ಇವು ಗೌರವದಿಂದ ಹೇಳುವ ಅಪ್ಪಣೆಯೂ ಹೌದು, ಮುಂದಿನ ಕೆಲಸಕ್ಕೆ ಹಾಕಿದ ಕೊಂಡಿಯೂ ಹೌದು. ದಾರಿ ತೋರಿಸುವವರ ಕೈ ಕೆಳಗಿಳಿದರೆ ವಾಕ್ಯ ಮುಗಿಯಿತೆಂದು ತಿಳಿಯಬೇಕು!

ಶಾಲೆಯ ವ್ಯಾಕರಣ ಈ ಕೊಂಡಿಯನ್ನು ಕೃದಂತಾವ್ಯಯ ಎನ್ನುತ್ತದೆ. ರೂಪವೇನೋ ಭೂತಕಾಲದ್ದು, ಆದರೂ ‘ನಾಳೆ ಬಂದು ನೋಡುತ್ತೇನೆ’ ಎನ್ನಲು ಅಡ್ಡಿಯಿಲ್ಲ. ಕಾಲ ಹೇಳುವ ಹೊಣೆ ಕೊನೆಯ ಕ್ರಿಯಾಪದದ್ದು. ದೂರದ ಕೊರಿಯನ್ ಭಾಷೆಯಲ್ಲೂ ಹೆಚ್ಚುಕಡಿಮೆ ಹೀಗೆಯೇ. ಅಲ್ಲಿನ ಕೊಂಡಿಗಳಲ್ಲಿ ಮುಖ್ಯವಾದವು ಎರಡು: ಬರಿದೇ ಒಂದಾದ ಮೇಲೊಂದು ನಡೆದರೆ ‘ಗೊ’, ಎರಡನೆಯದು ಮೊದಲಿನದಕ್ಕೆ ಅಂಟಿಕೊಂಡಿದ್ದರೆ ‘ಸೊ’. ‘ಗೆಳೆಯನನ್ನು ಕಂಡು ಸಿನಿಮಾ ನೋಡಿದ’ ಎಂದರೆ ಕನ್ನಡದಲ್ಲಿ ಇಬ್ಬರೂ ಕೂಡಿ ನೋಡಿದರೋ, ಒಬ್ಬನೇ ನೋಡಿದನೋ ತಿಳಿಯದು. ಕೊರಿಯಾದವರು ‘ಮನ್ನಾಸೊ’ ಎಂದರೆ ಜೊತೆಯಲ್ಲಿ. ‘ಮನ್ನಾಗೊ’ ಎಂದರೆ ಕಂಡದ್ದು ಬೇರೆ, ಸಿನಿಮಾ ಬೇರೆ. ಕನ್ನಡ ಅದನ್ನು ಕೇಳುವವರ ಜಾಣತನಕ್ಕೇ ಬಿಟ್ಟಿದೆ.

ತುಂಗೆಯ ಊರಿನಿಂದ ಭದ್ರೆಯ ಊರಿಗೆ ಸುಮಾರು 20 ಕಿ.ಮೀ. ಬೆಂಕಿಪುರವೆಂದು ಹಿಂದೆ ಕರೆಸಿಕೊಂಡ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ್ದು 1923ರಲ್ಲಿ. ಆ ಕಾರ್ಖಾನೆಯ ಕೆಲಸವನ್ನೆಲ್ಲ ಕನ್ನಡದ ಒಂದೇ ವಾಕ್ಯ ಹೇಳಬಲ್ಲದು: ಮಲೆನಾಡಿನ ಮರ ಕಡಿದು, ಸುಟ್ಟು ಇದ್ದಿಲು ಮಾಡಿ, ಕೆಮ್ಮಣ್ಣುಗುಂಡಿಯಲ್ಲಿ ಅದಿರು ಅಗೆದು, ಗುಡ್ಡದಿಂದ ಇಳಿಸಿ ತಂದು, ಸುಣ್ಣಕಲ್ಲು ಬೆರೆಸಿ, ಕುಲುಮೆಗೆ ಸುರಿದು, ಕರಗಿಸಿ ಬೀಡು ತೆಗೆಯುತ್ತಾರೆ. ಒಂದು ಪದ ಹಿಂದುಮುಂದಾದರೂ ಕಬ್ಬಿಣ ಬರುವುದಿಲ್ಲ.

ಈಗ ‘ತೆಗೆಯುತ್ತಾರೆ’ ಎನ್ನುವಂತಿಲ್ಲ, ‘ತೆಗೆಯುತ್ತಿದ್ದರು’ ಎನ್ನಬೇಕು. ಕಡಿದು, ಅಗೆದು, ಕರಗಿಸಿ ಎಲ್ಲ ಇದ್ದಂತೆಯೇ ಇವೆ. ಬದಲಾದದ್ದು ಕೊನೆಯದೊಂದೇ. ಮರವೂ ಅಗ್ಗವಾಗಿ ಸಿಗುವ ಕಾಲ ಹೋಯಿತೆನ್ನಿ. 2023ರ ಜನವರಿಯಲ್ಲಿ ಉಕ್ಕು ಪ್ರಾಧಿಕಾರ ಕಾರ್ಖಾನೆ ಮುಚ್ಚುವ ತೀರ್ಮಾನ ಪ್ರಕಟಿಸಿದಾಗ ಕಾರ್ಮಿಕರು ಬೀದಿಗಿಳಿದು, ಧರಣಿ ಕುಳಿತು, ‘ಮುಚ್ಚಿದರು’ ಎಂಬ ಕ್ರಿಯಾಪದಕ್ಕೆ ಒಪ್ಪಲಿಲ್ಲ. ಅದೇ ವರ್ಷ ಬಾರ್ ಮಿಲ್ ಮತ್ತೆ ಚಾಲೂ ಆಯಿತು.