ಮೊಗ್ಗಿನೊಳಗಿನ ಪರಿಮಳ

ಬಸವಣ್ಣನವರ ಒಂದು ವಚನವು ನೀರಿನಲ್ಲಿ ಅಡಗಿರುವ ಬೆಂಕಿಯನ್ನು, ಸಸಿಯಲ್ಲಿ ಅಡಗಿರುವ ರಸದ ಸವಿಯನ್ನು, ಮೊಗ್ಗಿನಲ್ಲಿ ಅಡಗಿರುವ ಪರಿಮಳವನ್ನು ನೆನೆದು, ಕೂಡಲಸಂಗಮದೇವನ ಇರವೂ ಅಂಥದೇ ಎಂದು ಸಾರುತ್ತದೆ. ಮುಂದೆ ಪ್ರಕಟವಾಗಬೇಕಾದುದು ಒಳಗೆ ಈಗಾಗಲೇ ಇದೆ, ಆದರೆ ಕಣ್ಣಿಗೆ ಕಾಣದು ಎಂಬುದು ಅದರ ಭಾವ.

ಈ ವಚನವನ್ನು ನಿತ್ಯವೂ ಪಠಿಸುತ್ತಿದ್ದ ಹಿರಿಯ ಶರಣರೊಬ್ಬರ ಮನೆಯಲ್ಲಿ ಒಂದು ದಿನ ಕಠಿಣವಾದ ಪ್ರಶ್ನೆ ಎದ್ದಿತು. ಧಾರವಾಡದಲ್ಲಿ ಜೀವವಿಜ್ಞಾನ ಓದುತ್ತಿದ್ದ ಮೊಮ್ಮಗಳು ರಜೆಗೆಂದು ಊರಿಗೆ ಬಂದವಳು ಇಷ್ಟಲಿಂಗಪೂಜೆಗೆ ಕುಳಿತುಕೊಳ್ಳಲಿಲ್ಲ. “ಅಜ್ಜಾ, ಜೀವವು ಆಕಸ್ಮಿಕವಾಗಿ ಹುಟ್ಟಿದ್ದಾದರೆ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ನಾನು ಯಾರನ್ನು ಪೂಜಿಸಲಿ?” ಎಂದಳು. ಅಜ್ಜನವರು ಸಿಟ್ಟಾಗಲಿಲ್ಲ. ಗೋಡೆಯ ಗಡಿಯಾರವನ್ನು ತೋರಿಸಿ, “ಇದಕ್ಕೆ ಮಾಡಿದವನೊಬ್ಬ ಇದ್ದಾನಲ್ಲವೇ? ಜಗತ್ತಿಗೂ ಹಾಗೆಯೇ” ಎಂದರು.

ಈ ಯುಕ್ತಿ ವಚನಗಳಿಂದ ಬಂದುದಲ್ಲ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಗಡಿಯಾರದ ಇದೇ ದೃಷ್ಟಾಂತವನ್ನು ಮುಂದಿಟ್ಟಿದ್ದ. ಮೊಮ್ಮಗಳಿಗೆ ಅದರ ಉತ್ತರವೂ ತಿಳಿದಿತ್ತು. ಗಡಿಯಾರವು ಗಡಿಯಾರವನ್ನು ಹಡೆಯುವುದಿಲ್ಲ. ಜೀವಿಯು ಜೀವಿಯನ್ನು ಹಡೆಯುತ್ತದೆ. ಪೀಳಿಗೆಯಿಂದ ಪೀಳಿಗೆಗೆ ಸಣ್ಣ ಸಣ್ಣ ವ್ಯತ್ಯಾಸಗಳು ತಲೆದೋರಿ, ಪರಿಸರಕ್ಕೆ ಒಗ್ಗಿದವು ಉಳಿದು ಬರುತ್ತವೆ. 1859ರಲ್ಲಿ ಡಾರ್ವಿನ್ ತೋರಿಸಿಕೊಟ್ಟ ದಾರಿ ಇದು.

“ಆದರೆ ಮೊದಲ ಜೀವಿ?” ಎಂದು ಅಜ್ಜನವರು ಕೇಳಿದರು.

ಆಗ ಅವಳು ಷಿಕಾಗೋ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಮಿಲ್ಲರ್ 1953ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವಿವರಿಸಿದಳು. ಗಾಜಿನ ಪಾತ್ರೆಯಲ್ಲಿ ನೀರಾವಿ, ಮೀಥೇನ್, ಅಮೋನಿಯಾ, ಜಲಜನಕಗಳನ್ನು ಸೇರಿಸಿ, ಮಿಂಚಿನಂತೆ ವಿದ್ಯುತ್ ಕಿಡಿಗಳನ್ನು ಹಾಯಿಸಿದಾಗ, ಕೆಲವೇ ದಿನಗಳಲ್ಲಿ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳು ಮೂಡಿದವು. ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರಲ್ಲಿ ಭೂಮಿಗೆ ತಂದ ಮಣ್ಣಿನಲ್ಲಿಯೂ, ಜೀವಿಗಳು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಇದ್ದವೆಂದು 2025ರಲ್ಲಿ ವರದಿಯಾಯಿತು.

“ಅದೇ ಆವಿ, ಅದೇ ಕಿಡಿ ಮತ್ತೆ ಕೂಡಿದರೆ ಮತ್ತೆ ಅವೇ ಮೂಡುತ್ತವೆಯೇ?”

“ಮೂಡುತ್ತವೆ, ಅಜ್ಜಾ. ಅದು ರಸಾಯನದ ನಿಯಮ. ಆದರೆ ಅಮೈನೋ ಆಮ್ಲವೇ ಜೀವವಲ್ಲ. ಅಲ್ಲಿಂದ ಮೊದಲ ಜೀವಕೋಶದವರೆಗಿನ ದಾರಿ ಇನ್ನೂ ಪೂರ್ತಿ ತಿಳಿದಿಲ್ಲ.”

ಆ ತಿಳಿಯದ ಎಡೆಯಲ್ಲಿ ದೇವರನ್ನು ಕೂರಿಸಿಬಿಡುವುದು ಸುಲಭವಾಗಿತ್ತು. ಅಜ್ಜನವರು ಹಾಗೆ ಮಾಡಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ನಿನಗೆ ತಿಳಿಯದ ಕಡೆ ನನ್ನ ದೇವರನ್ನು ಇಟ್ಟರೆ, ನಾಳೆ ನಿನಗೆ ತಿಳಿದಾಗ ಅವನು ಎಲ್ಲಿಗೆ ಹೋಗಬೇಕು? ಗಡಿಯಾರದ ಮಾತು ತಪ್ಪಾಯಿತು, ಮಗಳೇ. ಗಡಿಯಾರ ಮಾಡಿದವನು ಗಡಿಯಾರದ ಹೊರಗೆ ನಿಲ್ಲುತ್ತಾನೆ. ಪರಿಮಳವು ಮೊಗ್ಗಿನ ಹೊರಗೆ ನಿಂತು ಮೊಗ್ಗನ್ನು ಮಾಡುವುದಿಲ್ಲ” ಎಂದರು.

“ಒಳಗೆ ದೇವರಿದ್ದಾನೆ ಎನ್ನುವುದಕ್ಕೂ ಪ್ರಮಾಣವಿಲ್ಲವಲ್ಲ?”

“ಇಲ್ಲ. ನಾನು ಹೇಳುವುದು ಅನುಭಾವ. ಅದು ನಿನ್ನ ಪ್ರಯೋಗಕ್ಕೆ ಉತ್ತರವಲ್ಲ.”

ಯೋಜನೆಯೋ ಆಕಸ್ಮಿಕವೋ ಎಂಬ ಪ್ರಶ್ನೆಯು ದೇವರನ್ನು ಸೃಷ್ಟಿಯಿಂದ ಬೇರೆ ನಿಲ್ಲಿಸಿಕೊಂಡೇ ಹುಟ್ಟುತ್ತದೆ. ಶರಣರು ಕಂಡ ಪರಶಿವನು ಹೊರಗಿನ ಕುಶಲಕರ್ಮಿಯಲ್ಲ. ಜೀವವು ಹೇಗೆ ಮೂಡಿತೆಂಬುದನ್ನು ವಿಜ್ಞಾನವು ನಾಳೆ ಪೂರ್ತಿಯಾಗಿ ಬಿಡಿಸಿ ಹೇಳಿದರೂ ಭಕ್ತನ ಅಂಗೈ ಬರಿದಾಗಬೇಕಿಲ್ಲ. ಹೇಳಲಾಗದೆ ಉಳಿದರೆ ಅದು ಭಕ್ತನ ಗೆಲುವೂ ಅಲ್ಲ. ಎರಡು ದಾರಿಗಳೂ ಕೂಡುವ ಒಂದು ಎಡೆಯಿದೆ. ಇರುವೆಯೂ ಮನುಷ್ಯನೂ ಒಂದೇ ಮೂಲದ ಬಂಧುಗಳೆಂದು ಜೀವವಿಜ್ಞಾನ ಹೇಳುತ್ತದೆ. ಸಕಲ ಪ್ರಾಣಿಗಳಲ್ಲಿಯೂ ದಯೆ ಇರಬೇಕೆಂದು ಬಸವಣ್ಣನವರು ಧರ್ಮದ ಬೇರನ್ನೇ ತೋರಿಸಿದರು.

ಮರುದಿನ ಮುಂಜಾನೆ ಮೊಮ್ಮಗಳು ಪೂಜೆಗೆ ಕುಳಿತುಕೊಳ್ಳಲಿಲ್ಲ. ಆದರೆ ಹಿತ್ತಿಲಿನಿಂದ ಹೂ ತಂದು ಅಜ್ಜನವರ ಮುಂದಿಟ್ಟು, ಪೂಜೆ ಮುಗಿಯುವವರೆಗೆ ಪಕ್ಕದಲ್ಲಿಯೇ ಇದ್ದಳು. ಅಜ್ಜನವರು ಅವಳನ್ನು ಏನೂ ಕೇಳಲಿಲ್ಲ. ತಂದ ಹೂಗಳಲ್ಲಿ ಇನ್ನೂ ಅರಳದ ಒಂದು ಮೊಗ್ಗಿತ್ತು. ಅದನ್ನೂ ತೆಗೆದು ಲಿಂಗಕ್ಕೆ ಏರಿಸಿದರು.