ಕರೆ ಹೋಗಿ ಸೇರುವ ಜಾಗ

ಒಂದು ಮೆಥಡ್ಡನ್ನು ಕರೆದಾಗ ಆ ಕರೆ ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಬೆನ್ನು ಹತ್ತಿ ಹೋಗುವುದು ನನಗೆ ಬಲು ಇಷ್ಟ. ಆಪಲ್ 2014ರಲ್ಲಿ ಹೊರತಂದ ಸ್ವಿಫ್ಟ್ ಭಾಷೆ ಈ ಹವ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಅದರಲ್ಲಿ ಕ್ಲಾಸುಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಹಾಗಾಗಿ ನನ್ನ ಪ್ರಯೋಗಗಳಲ್ಲೆಲ್ಲ ವಾದ್ಯ, ತಂತಿವಾದ್ಯ, ವೀಣೆಗಳದ್ದೇ ಓಡಾಟ.

‘ವಾದ್ಯ’ ಒಂದು ಪ್ರೋಟೊಕಾಲ್. ತನ್ನನ್ನು ಒಪ್ಪಿಕೊಂಡವರಲ್ಲಿ ‘ನುಡಿ’ ಎಂಬ ಮೆಥಡ್ ಇರಲೇಬೇಕು ಎನ್ನುತ್ತದೆ. 2015ರ ಸ್ವಿಫ್ಟ್ 2ರಿಂದ ಪ್ರೋಟೊಕಾಲಿಗೂ ಎಕ್ಸ್‌ಟೆನ್ಷನ್ ಬರೆದು, ಸ್ವಂತ ‘ನುಡಿ’ ಇಲ್ಲದವರಿಗೆ ಒಂದು ಡೀಫಾಲ್ಟ್ ಕೊಡಬಹುದು. ನಾನು ಕೊಟ್ಟದ್ದು ‘ಮೌನ’ ಎಂದು ಮುದ್ರಿಸುತ್ತದೆ. ‘ತಂತಿವಾದ್ಯ’ ಕ್ಲಾಸಿಗೆ ಅಷ್ಟೇ ಸಾಕು. ಅದರ ಸಬ್‌ಕ್ಲಾಸ್ ‘ವೀಣೆ’ ಮಾತ್ರ ತನ್ನದೇ ‘ನುಡಿ’ ಬರೆದುಕೊಂಡು ‘ಝೇಂಕಾರ’ ಎನ್ನುತ್ತದೆ. ಈಗ ವೀಣೆಯನ್ನು ವೀಣೆಯೆಂದೇ ಕರೆದರೆ ಝೇಂಕಾರ. ಅದನ್ನೇ ವಾದ್ಯ ಎಂಬ ಟೈಪಿನ ವೇರಿಯಬಲ್‌ನಲ್ಲಿಟ್ಟು ಕರೆದರೆ ಮೌನ! ಎಷ್ಟು ಸಲ ನೋಡಿದರೂ ಇದು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಪ್ರೋಟೊಕಾಲಿಗೆ ಮಾತು ಕೊಟ್ಟದ್ದು ತಂತಿವಾದ್ಯ. ಯಾವ ಬೇಡಿಕೆಗೆ ಯಾವ ಮೆಥಡ್ ಎಂದು ಹೇಳುವ ವಿಟ್ನೆಸ್ ಟೇಬಲ್ ಅಲ್ಲಿಗೇ ಭರ್ತಿಯಾಗಿದೆ. ವೀಣೆಗೆ ಬಂದದ್ದೂ ಅದೇ ಟೇಬಲ್. ಅದರಲ್ಲಿ ಝೇಂಕಾರದ ಸುಳಿವೇ ಇಲ್ಲ.

ಸರಿ, ತಂತಿವಾದ್ಯಕ್ಕೂ ಒಂದು ‘ನುಡಿ’ ಕೊಡೋಣ. ಪ್ರೋಟೊಕಾಲಿನ ಮೆಥಡ್‌ಗಳನ್ನು ಪ್ರತ್ಯೇಕ ಎಕ್ಸ್‌ಟೆನ್ಷನ್‌ನಲ್ಲಿ ಜೋಡಿಸಿಡುವುದು ಸ್ವಿಫ್ಟ್ ಬರೆಯುವವರ ರೂಢಿ, ಕಣ್ಣಿಗೂ ಅಚ್ಚುಕಟ್ಟು. ಆದರೆ ಹಾಗಿಟ್ಟದ್ದನ್ನು ವೀಣೆ ಓವರ್‌ರೈಡ್ ಮಾಡಹೊರಟರೆ ಕಂಪೈಲರ್ ಅಡ್ಡ ನಿಲ್ಲುತ್ತದೆ. ಸಬ್‌ಕ್ಲಾಸ್ ಓವರ್‌ರೈಡ್ ಮಾಡಬಹುದಾದ ಮೆಥಡ್‌ಗಳ ಪಟ್ಟಿಯಾದ ವಿ-ಟೇಬಲ್‌ನಲ್ಲಿ ಜಾಗ ಸಿಗುವುದು ಕ್ಲಾಸಿನ ಮೈಯೊಳಗೆ ಬರೆದ ಮೆಥಡ್‌ಗಳಿಗೆ. ಎಕ್ಸ್‌ಟೆನ್ಷನ್‌ನಲ್ಲಿ ಬಂದದ್ದು ಪಂಕ್ತಿಗೆ ಎಲೆ ಹಾಕಿ ಮುಗಿದ ಮೇಲೆ ಬಂದ ನೆಂಟನಂತೆ. ಆಬ್ಜೆಕ್ಟಿವ್-ಸಿ ಗುರುತು ಹಚ್ಚಿ ಪಾರಾಗಬಹುದು ನಿಜ. ಆಗ ಮೆಥಡ್ಡನ್ನು ಪ್ರೋಗ್ರಾಮ್ ಓಡುವಾಗಲೇ ಹೆಸರು ಹಿಡಿದು ಹುಡುಕಲಾಗುತ್ತದೆ. ಆದರೆ ಆ ರನ್‌ಟೈಮ್ ಲಿನಕ್ಸಿನ ಸ್ವಿಫ್ಟ್‌ನಲ್ಲಿಲ್ಲ, ನನಗೂ ಅದು ಅಷ್ಟಾಗಿ ಒಗ್ಗುವುದಿಲ್ಲ.

ನನಗೆ ಮೆಚ್ಚಿಗೆಯಾದ ಕ್ರಮ ಬೇರೆ. ‘ನುಡಿ’ಯನ್ನು ತಂತಿವಾದ್ಯದ ಮೈಯೊಳಗೇ ಬರೆದು, ಎಕ್ಸ್‌ಟೆನ್ಷನ್‌ನಲ್ಲಿ ಪ್ರೋಟೊಕಾಲಿನ ಹೆಸರಷ್ಟೇ ಇಟ್ಟು ಆವರಣವನ್ನು ಖಾಲಿ ಬಿಡುತ್ತೇನೆ. ವೀಣೆ ಈಗ ಧಾರಾಳವಾಗಿ ಓವರ್‌ರೈಡ್ ಮಾಡಬಹುದು. ವಾದ್ಯವೆಂದು ಕರೆದರೆ ವಿಟ್ನೆಸ್ ಟೇಬಲ್ ತಂತಿವಾದ್ಯದ ‘ನುಡಿ’ಯತ್ತ ಕೈ ತೋರಿಸುತ್ತದೆ, ಅಲ್ಲಿಂದ ವಿ-ಟೇಬಲ್ ಕರೆಯನ್ನು ವೀಣೆಗೆ ಒಯ್ಯುತ್ತದೆ. ಡೀಬಗರ್‌ನಲ್ಲಿ ಈ ಎರಡು ಜಿಗಿತಗಳನ್ನು ಒಂದೊಂದಾಗಿ ನೋಡುವ ಸುಖಕ್ಕೆ ಒಂದು ಸಂಜೆ ಕೊಟ್ಟರೂ ನಷ್ಟವಿಲ್ಲ. ಖಾಲಿ ಆವರಣ ಕಂಡು ಯಾರಾದರೂ ಅಳಿಸಿಯಾರು ಎಂದು, ಮೇಲೊಂದು ಕಾಮೆಂಟನ್ನೂ ಬರೆದಿಡುತ್ತೇನೆ.