ಎಕ್ಕುಂಡಿ ಓದಿದ್ದೀರಾ?

ಹೊಸಬರ ಜೊತೆ ಮಾತು ಹೇಗಾದರೂ ಸಾಹಿತ್ಯದ ಕಡೆ ಹೊರಳಿದರೆ ಸಾಕು, ‘ಎಕ್ಕುಂಡಿ ಓದಿದ್ದೀರಾ?’ ಎಂದು ಕೇಳಿಬಿಡುವುದು ನನ್ನ ಚಾಳಿ. ‘ಇಲ್ಲ’ ಎಂದರೆ ಒಳಗೊಳಗೇ ಖುಷಿ. ಓದಿದವರು ಸಿಕ್ಕರೆ, ನಿಜ ಹೇಳಬೇಕೆಂದರೆ, ಕೊಂಚ ಪೆಚ್ಚಾಗುತ್ತೇನೆ.

ಸು. ರಂ. ಎಕ್ಕುಂಡಿ ತೀರಾ ಅಜ್ಞಾತರೇನಲ್ಲ. ‘ಬಕುಲದ ಹೂಗಳು’ ಸಂಕಲನಕ್ಕೆ 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಆದರೂ ಬೇಂದ್ರೆ, ಅಡಿಗರಂತೆ ಇವರ ಹೆಸರು ಥಟ್ಟನೆ ನಾಲಗೆಗೆ ಬರುವುದಿಲ್ಲ. ಹುಟ್ಟಿದ್ದು 1923ರಲ್ಲಿ, ರಾಣೆಬೆನ್ನೂರಿನಲ್ಲಿ; ಬಹುಕಾಲ ಮಾಸ್ತರಿಕೆ ಮಾಡಿದ್ದು ಗೋಕರ್ಣದ ಹತ್ತಿರದ ಬಂಕಿಕೊಡ್ಲದಲ್ಲಿ. ಕೈ ಪಳಗಿದ್ದು ಕಥನಕವನದಲ್ಲಿ. ಭಾವಗೀತೆಯಾಗಿದ್ದರೆ ಕ್ಯಾಸೆಟ್ಟು ಹಿಡಿದು ಮನೆಮನೆ ಹೊಗುತ್ತಿತ್ತು. ಪುಟಗಟ್ಟಲೆ ಹರಿಯುವ ಕಥೆಯನ್ನು ಯಾರು ಹಾಡಿಯಾರು?

ಅದನ್ನು ಗಟ್ಟಿಯಾಗಿ ಓದಬೇಕು, ಕೇಳುವ ಕಿವಿಯೊಂದು ಎದುರಿಗಿರಬೇಕು. ಒಮ್ಮೆ ಅವರೆಕಾಯಿ ಸುಲಿಯುತ್ತಿದ್ದ ಚಿಕ್ಕಮ್ಮನ ಮುಂದೆ ‘ಹಾವಾಡಿಗರ ಹುಡುಗ’ ತೆರೆದು ಕೂತೆ. ಮೊದಲ ಪುಟಕ್ಕೆ ಅವಳು ತಲೆಯನ್ನೇ ಎತ್ತಲಿಲ್ಲ. ಬರಬರುತ್ತಾ ಸಿಪ್ಪೆ ಕಾಳಿನ ಪಾತ್ರೆಗೂ ಕಾಳು ಸಿಪ್ಪೆಯ ರಾಶಿಗೂ ಬೀಳತೊಡಗಿದವು. ಉಸಿರೆಳೆದುಕೊಳ್ಳಲು ನಿಲ್ಲಿಸಿದರೆ, ‘ಆಮೇಲೆ?’

ಓದಿ ಮುಗಿಸಿದ ಮೇಲೆ ಅವಳ ವಿಚಾರಣೆ ಶುರು. ‘ಮಾಧ್ವರೇನೋ?’ ‘ಆನಂದತೀರ್ಥರು’ ಎಂದು ಮಧ್ವಾಚಾರ್ಯರ ಮೇಲೆ ಬರೆದಿದ್ದಾರೆ, ಲೆನಿನ್ ಮೇಲೂ ಬರೆದಿದ್ದಾರೆ ಎಂದೆ. ‘ಒಬ್ಬರೇನಾ?’ ಎಂದು ಹುಬ್ಬೇರಿಸಿದಳು. ಆ ಇಬ್ಬರೂ ಒಂದೇ ಎದೆಯಲ್ಲಿ ಜಗಳವಿಲ್ಲದೆ ಬಾಳಿದ್ದೇ ನನಗೆ ಎಕ್ಕುಂಡಿಯವರ ಸೊಗಸು. ಬಡವರ ಪಾಡು ಹೇಳುವಾಗಲೂ ಅವರು ದನಿಯೇರಿಸುವವರಲ್ಲ. ಕಥೆ ಹೇಳುತ್ತಾರೆ, ಅಷ್ಟೆ.

ಹೀಗೆ ಹಂಚುವುದು ಬರೀ ಔದಾರ್ಯ ಎಂದುಕೊಳ್ಳಬೇಡಿ. ಬೇಂದ್ರೆಯವರನ್ನು ನಾನು ಯಾರಿಗೆ ಪರಿಚಯಿಸಲಿ, ಅವರು ಆಗಲೇ ಎಲ್ಲರ ಮನೆಯವರು. ಎಕ್ಕುಂಡಿಯವರ ವಿಷಯದಲ್ಲಿ ಮಾತ್ರ ನನಗೂ ಪಾಲಿದೆ ಎಂಬ ಸಣ್ಣ ಜಂಬ. ಈಚೆಗೆ ಮದುವೆಮನೆಯೊಂದರಲ್ಲಿ ಚಿಕ್ಕಮ್ಮ ಪಕ್ಕದವರಿಗೆ ಅದೇ ಕಥೆ ಹೇಳುತ್ತಿದ್ದಳು, ಕೊನೆಯನ್ನು ತನಗೆ ಬೇಕಾದಂತೆ ತಿದ್ದಿಕೊಂಡು. ಬಾಯಿ ಹಾಕೋಣ ಎನ್ನಿಸಿತು. ಕೇಳುತ್ತಿದ್ದವರ ಮುಖ ನೋಡಿ ಸುಮ್ಮನಾದೆ. ‘ಪುಸ್ತಕ ಎಲ್ಲಿ ಸಿಗುತ್ತೆ?’ ಎಂದು ಅವರು ಕೇಳಿದರು. ಚಿಕ್ಕಮ್ಮ ನನ್ನ ಕಡೆ ಕೈ ತೋರಿಸಿದಳು: ‘ಇವನ ಹತ್ರ ಇದೆ. ಪುಸ್ತಕ ಮಾತ್ರ ಕೊಡಲ್ಲ. ಕೂರಿಸಿಕೊಂಡು ಓದ್ತಾನೆ.’